ಒಂದೇ ಪಿಎಚ್, ಎರಡು ತೊಟ್ಟಿ: ಕಂದು ನೀರಿನ ಮೀನುಗಳು ಮಾತ್ರ ಆರೋಗ್ಯವಾಗಿರುವುದೇಕೆ?

ಪ್ರಶ್ನೆ

ಎರಡು ತೊಟ್ಟಿಗಳಲ್ಲಿ ಒಂದೇ ಗುಂಪಿನ ರೋಸಿ ಬಾರ್ಬ್ ಮೀನುಗಳನ್ನು ಸಾಕಿದ್ದೆ. ಮೊದಲನೆಯದರಲ್ಲಿ ಒಣ ಎಲೆಗಳನ್ನೂ ಪೀಟನ್ನೂ (ಜವುಗು ನೆಲದ ಅರೆಕೊಳೆತ ಸಸ್ಯಪದಾರ್ಥ) ನೆನೆಹಾಕಿದ್ದರಿಂದ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಎರಡು ತಿಂಗಳಲ್ಲಿ ನಿಧಾನವಾಗಿ 5.2ಕ್ಕೆ ಇಳಿಯಿತು. ನೀರು ಜೇನುಬಣ್ಣಕ್ಕೆ ತಿರುಗಿದರೂ ಮೀನುಗಳು ಎಂದಿನಂತೆ ಓಡಾಡಿಕೊಂಡಿವೆ. ಎರಡನೆಯದರ ತಿಳಿನೀರಿಗೆ ಆಮ್ಲ ಬೆರೆಸಿ ಒಂದೇ ದಿನದಲ್ಲಿ ಅದೇ ಮಟ್ಟಕ್ಕೆ ತಂದೆ. ಮರುದಿನ ಬೆಳಗ್ಗೆ ಅಲ್ಲಿನ ಮೀನುಗಳು ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು, ಕಿವಿರಿನ ಮುಚ್ಚಳಗಳನ್ನು ಬಿಡುವಿಲ್ಲದೆ ಬಡಿಯುತ್ತ ಮೇಲ್ಮೈಯಲ್ಲಿ ನಿಂತಿದ್ದವು. ಸಂಜೆಯೊಳಗೆ ನಾಲ್ಕು ಸತ್ತವು. ಮಾಪಕದ ಅಂಕಿ ಎರಡೂ ಕಡೆ ಒಂದೇ ಆಗಿರುವಾಗ ಹೀಗೇಕಾಯಿತು?

ಉತ್ತರ 1

ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ಲವಣವಿರುತ್ತದೆ. ಅದು ಕಿವಿರಿನ ಮೂಲಕ ಸದಾ ಸೋರುತ್ತಿರುತ್ತದೆ, ಮೀನು ಅದನ್ನು ನೀರಿನಿಂದ ಮರಳಿ ಹೀರಿಕೊಳ್ಳುತ್ತಲೇ ಇರುತ್ತದೆ. ಕಿವಿರಿನ ಜೀವಕೋಶಗಳ ನಡುವಿನ ಸಂದುಗಳನ್ನು ಬಿಗಿಯಾಗಿಡುವುದು ಕ್ಯಾಲ್ಸಿಯಂ. ಪಿಎಚ್ 7ರಿಂದ 5ಕ್ಕೆ ಇಳಿದರೆ ನೀರನ್ನು ಆಮ್ಲೀಯವಾಗಿಸುವ ಹೈಡ್ರೋಜನ್ ಅಯಾನುಗಳು 100 ಪಟ್ಟು ಹೆಚ್ಚುತ್ತವೆ. ಅವು ಕ್ಯಾಲ್ಸಿಯಂ ಅನ್ನು ಕದಲಿಸಿದಾಗ ಸಂದುಗಳು ಸಡಿಲಗೊಂಡು ಸೋಡಿಯಂ ಮತ್ತು ಕ್ಲೋರೈಡ್ ಹೊರಹರಿಯುತ್ತವೆ, ಮರಳಿ ಹೀರುವ ಕೆಲಸವೂ ಕುಂಠಿತವಾಗುತ್ತದೆ.

ಎಲೆ, ಪೀಟ್‌ಗಳಿಂದ ಇಳಿದು ನೀರಿಗೆ ಕಂದು ಬಣ್ಣ ಕೊಡುವ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳ ಅಣುಗಳು ಕಿವಿರಿನ ಮೇಲ್ಮೈಗೆ ಅಂಟಿಕೊಂಡು ಈ ಸೋರಿಕೆಯನ್ನು ತಗ್ಗಿಸಬಲ್ಲವು. ಅಮೆಜಾನಿನ ಉಪನದಿ ರಿಯೊ ನೆಗ್ರೊದ ಪಿಎಚ್ ಹೆಚ್ಚಿನೆಡೆ 4ರಿಂದ 5ರ ಆಸುಪಾಸಿನಲ್ಲಿದ್ದು, ಕ್ಯಾಲ್ಸಿಯಂ ಅತ್ಯಲ್ಪವಾಗಿದ್ದರೂ ಅಲ್ಲಿ ನೂರಾರು ಜಾತಿಯ ಮೀನುಗಳಿವೆ. ಆದರೆ ಅದರ ಪೂರ್ತಿ ಶ್ರೇಯಸ್ಸನ್ನು ಕಂದು ನೀರಿಗೆ ಕೊಡಲಾಗದು, ಏಕೆಂದರೆ ಅಲ್ಲಿನ ಹಲವು ಜಾತಿಗಳ ಕಿವಿರುಗಳೇ ಆಮ್ಲವನ್ನು ತಡೆಯುವಂತೆ ರೂಪುಗೊಂಡಿವೆ.

ಉತ್ತರ 2

ಮೇಲಿನ ವಿವರಣೆ ಸರಿ. ಆದರೆ ನೀವು ಒಂದೇ ದಿನದಲ್ಲಿ ಪಿಎಚ್ ಇಳಿಸಿದ್ದನ್ನು ಮರೆಯಬಾರದು. ಆಮ್ಲವು ನೀರಿನ ಬೈಕಾರ್ಬೊನೇಟನ್ನು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಗಾಳಿಯಾಡಿಸದಿದ್ದರೆ ಅದು ನೀರಿನಲ್ಲೇ ಉಳಿಯುತ್ತದೆ, ಕಿವಿರಿನ ಬಡಿತ ಏರಲು ಅದೊಂದೇ ಸಾಕು. ಎರಡು ತಿಂಗಳು ಸಿಕ್ಕ ಮೀನುಗಳಿಗೆ ಹೊಂದಿಕೊಳ್ಳುವ ಅವಕಾಶವೂ ಇತ್ತು.

ಲೋಹಗಳ ಮಾತೂ ಇದೆ. ಆಮ್ಲಮಳೆಯಿಂದ ನಾರ್ವೆ, ಸ್ವೀಡನ್‌ಗಳ ಸರೋವರಗಳಲ್ಲಿ ಮೀನುಗಳು ಸತ್ತದ್ದಕ್ಕೆ ಆಮ್ಲವಷ್ಟೇ ಅಲ್ಲ, ಮಣ್ಣಿನಿಂದ ಕರಗಿ ಬಂದು ಕಿವಿರಿನ ಮೇಲೆ ಕೂರುವ ಅಲ್ಯೂಮಿನಿಯಂ ಸಹ ಕಾರಣವಾಗಿತ್ತು. ಕಂದು ನೀರಿನ ಸಾವಯವ ವಸ್ತು ಅಲ್ಯೂಮಿನಿಯಂ ಮತ್ತು ತಾಮ್ರವನ್ನು ಹಿಡಿದಿಟ್ಟು ಅವುಗಳ ವಿಷವನ್ನು ತಗ್ಗಿಸುತ್ತದೆ.

ಪ್ರಶ್ನೆ ಕೇಳಿದವರು

ಬಹಳ ಉಪಕಾರವಾಯಿತು. ಆ ತೊಟ್ಟಿಗೆ ಗಾಳಿಯಾಡಿಸಿರಲಿಲ್ಲ. ಉಳಿದ ಮೀನುಗಳನ್ನು ಕಾಪಾಡಲು ಈಗಲೇ ಪಿಎಚ್ 8ರ ನೀರನ್ನು ತುಂಬಿಸಲೇ?

ಉತ್ತರ 2

ದಯವಿಟ್ಟು ಬೇಡ. ಇಷ್ಟು ಆಮ್ಲೀಯ ನೀರಿನಲ್ಲಿ ಅಮೋನಿಯಾವನ್ನು ಬೇರೆ ರೂಪಕ್ಕೆ ಪರಿವರ್ತಿಸುವ ಬ್ಯಾಕ್ಟೀರಿಯಾ ಮಂದವಾಗಿ, ಮೀನಿನ ತ್ಯಾಜ್ಯ ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿ ಶೇಖರವಾಗಿರುತ್ತದೆ. ಪಿಎಚ್ 8ಕ್ಕೆ ಏರಿದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸುಮಾರು ಶೇಕಡಾ 5ರಷ್ಟು ವಿಷಕಾರಿ ಅಮೋನಿಯಾ ಆಗುತ್ತದೆ. ಮೊದಲು ಗಾಳಿಯಾಡಿಸಿ, ಅಮೋನಿಯಾ ಅಳೆಯಿರಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ನೀರು ಬದಲಿಸುತ್ತ ಹಲವು ದಿನಗಳಲ್ಲಿ ಪಿಎಚ್ ಏರಿಸಿ.