ಸಹಾಯ ಬೇಕು: ಕೂಲೆಂಟ್ ವಿಷದ ಶಂಕೆ, ಲ್ಯಾಕ್ಟೇಟ್ ಎರಡು ಮಷಿನಲ್ಲಿ ಎರಡು ಥರ

ಕಾರವಾರ, ಶಿರಸಿ ಕಡೆಯ ಲ್ಯಾಬಿನವರು ದಯವಿಟ್ಟು ನೋಡಿ. ಬೋಟಿನ ಎಂಜಿನ್‌ಗೆ ಹಾಕೋ ಕೂಲೆಂಟನ್ನು ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದರು, ರೋಗಿ ಅದನ್ನು ಕುಡಿದಿರೋ ಶಂಕೆ. ಎಷ್ಟೊತ್ತಿಗೆ ಅಂತ ಗೊತ್ತಿಲ್ಲ. ಚಿಕಿತ್ಸೆ ರಿಪೋರ್ಟಿಗೆ ಕಾಯದೆ ಶುರುವಾಗಿದೆ, ಅದೇ ಸರಿ.

ಸೋಡಿಯಂ 140, ಕ್ಲೋರೈಡ್ 102, ಬೈಕಾರ್ಬೊನೇಟ್ 8. ಆನಯಾನ್ ಗ್ಯಾಪ್ (ಸೋಡಿಯಂನಿಂದ ಉಳಿದೆರಡನ್ನು ಕಳೆದದ್ದು, ರಕ್ತದಲ್ಲಿ ಆಮ್ಲ ಸೇರಿದರೆ ಏರುತ್ತೆ) 30. ಗ್ಲೂಕೋಸ್ 108, ಯೂರಿಯಾ 60. ಸೋಡಿಯಂ ಎರಡರಷ್ಟು, ಗ್ಲೂಕೋಸ್ ಭಾಗಿಸು 18, ಯೂರಿಯಾ ಭಾಗಿಸು 6 ಕೂಡಿಸಿದರೆ ಲೆಕ್ಕದ ಆಸ್ಮೊಲಾಲಿಟಿ (ರಕ್ತದಲ್ಲಿ ಕರಗಿರೋ ಕಣಗಳ ಪ್ರಮಾಣ) 296. ಫ್ರೀಜಿಂಗ್ ಪಾಯಿಂಟ್ ಆಸ್ಮೋಮೀಟರ್ ತೋರಿಸಿದ್ದು 305. ಆಸ್ಮೋಲ್ ಗ್ಯಾಪ್, ಅಂದರೆ ಅಳೆದದ್ದಕ್ಕೂ ಲೆಕ್ಕದ್ದಕ್ಕೂ ಇರೋ ವ್ಯತ್ಯಾಸ, ಬರೀ 9. ಹಾಗಂತ ಕೂಲೆಂಟಿನ ವಿಷವಾದ ಗ್ಲೈಕಾಲ್ ಇಲ್ಲ ಅನ್ನೋಕಾಗಲ್ಲ: ಎಥಿಲೀನ್ ಗ್ಲೈಕಾಲ್ ಗ್ಲೈಕಾಲಿಕ್ ಆಮ್ಲ ಆಗ್ತಾ ಹೋದಂತೆ ಆಸ್ಮೋಲ್ ಗ್ಯಾಪ್ ಇಳಿದು ಆನಯಾನ್ ಗ್ಯಾಪ್ ಏರುತ್ತೆ.

ಸ್ಯಾಂಪಲ್, ಪ್ರತಿವಿಷವಾಗಿ ಎಥನಾಲ್ ಕೊಡುವ ಮೊದಲೇ ತೆಗೆದದ್ದು. ಆಸ್ಮೊಲಾಲಿಟಿಗೆ ಪ್ಲೇನ್ ಟ್ಯೂಬಿನ ಸೀರಂ. ಫ್ಲೋರೈಡ್ ಟ್ಯೂಬಿನದ್ದಾದರೆ ಅದರ ಲವಣವೇ ಓದನ್ನು ಏರಿಸುತ್ತಿತ್ತು. ಈ ವಿಷದಲ್ಲಿ ಕಾಣಬಹುದಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಮೂತ್ರದಲ್ಲಿ ಸಿಕ್ಕಿಲ್ಲ, ಅಷ್ಟಕ್ಕೇ ತಳ್ಳಿಹಾಕೋಕೂ ಬರಲ್ಲ.

ಗೊಂದಲ ಇಲ್ಲಿ. ಬ್ಲಡ್ ಗ್ಯಾಸ್ ಮಷಿನಲ್ಲಿ ಲ್ಯಾಕ್ಟೇಟ್ 15, ಅದೇ ಹೊತ್ತಿನ ರಕ್ತ ಕೆಮಿಸ್ಟ್ರಿ ಅನಲೈಸರಲ್ಲಿ 2.4. ಮೊದಲನೆಯದು ಲ್ಯಾಕ್ಟೇಟ್ ಆಕ್ಸಿಡೇಸ್ ವಿಧಾನ, ಗ್ಲೈಕಾಲೇಟನ್ನೂ (ಗ್ಲೈಕಾಲಿಕ್ ಆಮ್ಲದ ಲವಣ ರೂಪ) ಲ್ಯಾಕ್ಟೇಟ್ ಅಂತ ಓದಬಲ್ಲದು, ಎರಡನೆಯದು ಡಿಹೈಡ್ರೋಜಿನೇಸ್, ಸಾಮಾನ್ಯವಾಗಿ ಹಾಗೆ ಓದಲ್ಲ.

ಖಚಿತಪಡಿಸೋಕೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ಬೇಕು. ಹುಬ್ಬಳ್ಳಿ, ಮಣಿಪಾಲ ಅಥವಾ ಮಂಗಳೂರಲ್ಲಿ ಗ್ಲೈಕಾಲ್ ಜೊತೆ ಗ್ಲೈಕಾಲಿಕ್ ಆಮ್ಲವನ್ನೂ ಅಳೆಯೋ ಲ್ಯಾಬ್ ಯಾವುದು, ಅವರು ಯಾವ ಟ್ಯೂಬ್ ಕೇಳ್ತಾರೆ? ಅಲ್ಲಿಯವರೆಗೆ ಈ ಲ್ಯಾಕ್ಟೇಟ್ ವ್ಯತ್ಯಾಸವನ್ನು ರಿಪೋರ್ಟಿನಲ್ಲಿ ಟಿಪ್ಪಣಿಯಾಗಿ ಹೇಗೆ ಬರೆಯೋದು?