ಹೋಂಡಾ ಸಲೂನ್ ಪರಿಕಲ್ಪನಾ ಕಾರಿನ ವಿನ್ಯಾಸ: ನಿಮ್ಮ ಅಭಿಪ್ರಾಯವೇನು?

ಪ್ರಶ್ನೆ: 2024ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಹೋಂಡಾ ಅನಾವರಣಗೊಳಿಸಿದ ಈ ವಿದ್ಯುತ್ ಕಾರಿನ ಗೆರೆ ಮೂತಿಯಿಂದ ಚಾವಣಿಯವರೆಗೆ ಒಂದೇ ಓರೆಯಲ್ಲಿ ಏರುತ್ತದೆ. ಹೆಸರಿನಲ್ಲಿರುವ ‘ಸಲೂನ್’ ಎಂದರೆ ಸೆಡಾನ್, ಅಂದರೆ ಸಾಮಾನ್ಯವಾಗಿ ಬಾನೆಟ್ ಮತ್ತು ಡಿಕ್ಕಿ ಬೇರೆಯಾಗಿ ಕಾಣುವ ಕಾರು. ಇದನ್ನು ಸೆಡಾನ್ ಎಂದು ಒಪ್ಪಬಹುದೇ?

ಉತ್ತರ 1: ನನಗಂತೂ ಬಹಳ ಹಿಡಿಸಿತು. ಸಾಮಾನ್ಯವಾಗಿ ವಿದ್ಯುತ್ ಕಾರುಗಳಲ್ಲಿ ನೆಲದಡಿಯ ಬ್ಯಾಟರಿಯು ಆಸನಗಳನ್ನು ಮೇಲೆತ್ತುವುದರಿಂದ ಇಡೀ ಕಾರು ದಪ್ಪಗೆ ಕಾಣುತ್ತದೆ. ಇಲ್ಲಿ ತೆಳುವಾದ ತಳವನ್ನೇ ಗುರಿಯಾಗಿಸಿಕೊಂಡಿರುವುದರಿಂದ, 1970ರ ದಶಕದ ಲ್ಯಾಂಬೋರ್ಗಿನಿ ಕೌಂಟಾಚ್ ಸ್ಪೋರ್ಟ್ಸ್ ಕಾರಿನಲ್ಲಿ ಕಂಡ ಬೆಣೆಯಾಕಾರವು ಕುಟುಂಬದ ಕಾರಿಗೂ ಒಗ್ಗಿದೆ.

ಉತ್ತರ 2: ಪಕ್ಕದ ನೋಟವನ್ನು ಒಪ್ಪುತ್ತೇನೆ, ಮುಂಭಾಗವನ್ನಲ್ಲ. ದೀಪಗಳನ್ನೆಲ್ಲ ಒಳಸರಿದ ಕಪ್ಪು ಆಯತದೊಳಗೆ ಕೂರಿಸಿದ್ದರಿಂದ ಕಾರಿಗೆ ಮುಖವೇ ಇಲ್ಲದಂತಾಗಿದೆ.

ಉತ್ತರ 3: ಆ ಆಯತವೇ ಇದರ ಗುರುತು ಎಂಬುದು ನನ್ನ ಅನಿಸಿಕೆ. 2025ರಲ್ಲಿ ತೋರಿಸಿದ ಮೂಲಮಾದರಿಯಲ್ಲೂ ಬೆಣೆಯಾಕಾರವನ್ನು ಕೈಬಿಡದಿರುವುದು ಮೆಚ್ಚತಕ್ಕ ಧೈರ್ಯ.