ಅಪ್‌ಡೇಟ್: ಪಿಎಲ್‌ಎ ಹಾಳೆ ಈಗ ಮುರಿಯುತ್ತಿಲ್ಲ

ಹೋದ ತಿಂಗಳು ಕೇಳಿದ್ದೆ ಅಲ್ವಾ, ದಾವಣಗೆರೆಯ ನಮ್ಮ ಸಣ್ಣ ಯೂನಿಟ್‌ನಲ್ಲಿ ಮಾಡುವ ಪಿಎಲ್‌ಎ ಹಾಳೆ (ಮೆಕ್ಕೆಜೋಳದ ಪಿಷ್ಟದಿಂದ ಬರುವ ಪ್ಲಾಸ್ಟಿಕ್) ಮಡಚಿದರೆ ಚಟ್ಟನೆ ಮುರಿಯುತ್ತದೆ, ಏನು ಮಾಡಲಿ ಅಂತ. ನೀವು ಹೇಳಿದ ಹಾಗೆ ಪಿಬಿಎಟಿ ಅನ್ನುವ ಇನ್ನೊಂದು ಮೆತ್ತಗಿನ ಪ್ಲಾಸ್ಟಿಕ್ ಶೇ 20 ಬೆರೆಸಿದೆ. ಮೊದಲ ಸಲ ಪೂರ್ತಿ ಹಾಳು. ತಪ್ಪು ನನ್ನದೇ, ಪ್ಲಾಸ್ಟಿಕ್ ಕಾಳು ಒಣಗಿಸದೆ ಸುಮ್ನೆ ಮೆಷಿನ್‌ಗೆ ಸುರಿದಿದ್ದೆ, ತೇವ ಇದ್ದರೆ ಕರಗಿಸುವ ಬಿಸಿಗೆ ಪಿಎಲ್‌ಎಯ ಉದ್ದ ಅಣು ಸರಪಳಿಗಳೇ ತುಂಡಾಗುತ್ತವೆ. ಎರಡನೇ ಸಲ ಚೆನ್ನಾಗಿ ಒಣಗಿಸಿ, ಇವೆರಡೂ ತಾವಾಗಿ ಹೊಂದಿಕೊಳ್ಳುವುದಿಲ್ಲ ಅಂತ ಎರಡರ ಸರಪಳಿಗಳನ್ನು ಬೆಸೆಯುವ ಚೈನ್ ಎಕ್ಸ್‌ಟೆಂಡರ್ ಚೂರು ಹಾಕಿದೆ. ಈಗ ಮಡಚಿದರೆ ಬಿಳಿ ಗೆರೆ ಬೀಳುತ್ತದೆ, ಅಷ್ಟೇ. ಬಿಗಿ ಸ್ವಲ್ಪ ಕಡಿಮೆಯಾಯಿತು, ಪರವಾಗಿಲ್ಲ. ಆದರೆ 60 ಡಿಗ್ರಿ ಹತ್ತಿರ ಪಿಎಲ್‌ಎ ಮೆತ್ತಗಾಗುವುದು ಇದರಿಂದ ತಪ್ಪಲಿಲ್ಲ. ಬಿಸಿ ಬೆಣ್ಣೆ ದೋಸೆ ಕಟ್ಟಲು ಕೇಳಿದ ಹೋಟೆಲಿನವರಿಗೆ ಸದ್ಯ ಬಾಳೆ ಎಲೆಯೇ ಇರಲಿ ಅಂದಿದ್ದೇನೆ.